ಕಳುವಾದ ಮೇಲೆ ಸುಧಾರಿಸಿದ ಸಿಗ್ನಲ್

ಮಂಗಳವಾರ, ಹದಿನಾಲ್ಕನೇ ತಾರೀಖು, ಮಧ್ಯಾಹ್ನ 1.10ಕ್ಕೆ ದೂರು ಠಾಣೆಗೆ ಬಂತು. ದೂರಿಗಿಂತ ಮೊದಲು ದೂರುದಾರನ ಗಂಟಲು ಬಂತು.

"ಇನ್ನೂರ ಹನ್ನೆರಡು ಮನೆ ಸಾರ್! ಒಂದೇ ಏಟಿಗೆ ಬಂದ್!"

ಹೆಡ್ ಕಾನ್‌ಸ್ಟೆಬಲ್ ಗಾಬರಿಯಿಂದ ಎದ್ದು ಟೋಪಿ ಹುಡುಕಿದ. ಬಂದ್ ಆದದ್ದು ಇಂಟರ್ನೆಟ್ಟು, ಅದೂ ಬರೀ ಹದಿನೆಂಟು ನಿಮಿಷ ಎಂದು ಗೊತ್ತಾದ ಮೇಲೆ ಟೋಪಿಯನ್ನು ಮತ್ತೆ ಮೇಜಿನ ಮೇಲಿಟ್ಟು ಕುಳಿತ.

ದೂರುದಾರ ಊರಿನ ಚಿಕ್ಕ ವೈರ್‌ಲೆಸ್ ಇಂಟರ್ನೆಟ್ ಕಂಪನಿಯ ಮಾಲೀಕ. ಛಾವಣಿಯಿಂದ ಛಾವಣಿಗೆ, ಗಾಳಿಯಲ್ಲೇ ಇಂಟರ್ನೆಟ್ ಹಾಯಿಸುವ ಕಸುಬು. ಪೇಟೆಯ ನಾಲ್ಕು ಅಂತಸ್ತಿನ ಕಟ್ಟಡದ ಮೇಲೆ ಅವನ ಮುಖ್ಯ ಕಂಬವಿದೆ, ಸುತ್ತ ಜಾಲರಿ, ಜಾಲರಿಗೆ ಬೀಗ. ಎಫ್‌ಐಆರ್‌ನಲ್ಲಿ ದಾಖಲಾದದ್ದು ಇಷ್ಟು: ಬೆಳಿಗ್ಗೆ 11.18ಕ್ಕೆ ಕಂಬದ ವಿದ್ಯುತ್ ಹೋಯಿತು. 11.29ಕ್ಕೆ ಬಂತು. 11.36ಕ್ಕೆ ಎಲ್ಲ ಮನೆಗಳೂ ಸರಿಹೋದವು. 12.10ಕ್ಕೆ ಟೆಕ್ನಿಷಿಯನ್ ಮೇಲೆ ಹೋಗಿ ನೋಡಿದಾಗ ಹಳೆಯ ರೇಡಿಯೋ ಒಂದು ಕಾಣೆಯಾಗಿತ್ತು. ಇದು ಹಾಡು ಕೇಳುವ ರೇಡಿಯೋ ಅಲ್ಲ. ಕಂಬಕ್ಕೆ ಬಿಗಿಯುವ, ದಪ್ಪ ಪುಸ್ತಕದಷ್ಟು ದೊಡ್ಡ ಬಿಳಿ ಡಬ್ಬ. ಸಿಗ್ನಲ್ ಕಳಿಸುವುದೂ ಅದೇ, ಹಿಡಿಯುವುದೂ ಅದೇ.

"ಯಾರ ಮೇಲಾದ್ರೂ ಅನುಮಾನ?" ಇನ್ಸ್‌ಪೆಕ್ಟರ್ ಕೇಳಿದರು.

"ಬೀಗ ಒಡೆದಿಲ್ಲ ಸಾರ್. ಇರೋದು ಎರಡೇ ಕೀಲಿ. ಒಂದು ನನ್ನ ಸೊಂಟದಲ್ಲಿ, ಇನ್ನೊಂದು ನಮ್ಮ ಟೆಕ್ನಿಷಿಯನ್ ಹತ್ರ. ಇನ್ನು ನಾನು ಬಾಯಿ ಬಿಟ್ಟು ಹೇಳಬೇಕಾ?"

"ಎಷ್ಟು ವರ್ಷದಿಂದ ಇದ್ದಾರೆ?"

"ಏಳು."

"ಹಿಂದೆ ಏನಾದ್ರೂ ಕದ್ದಿದ್ರಾ?"

"ಇಲ್ಲ. ಆದ್ರೆ ಹಳೇ ರೇಡಿಯೋ ಇಳಿಸಿ ಗುಜರಿಗೆ ಹಾಕು ಅಂತ ಹೋದ ವಾರ ಹೇಳಿದ್ದೆ. ಇವತ್ತು, ನಾಳೆ ಅಂತ ತಳ್ತಾನೇ ಬಂದ್ಳು. ನಾಳೆಯಿಂದ ಕೆಲಸಕ್ಕೆ ಬರಬೇಡ ಅಂದುಬಿಟ್ಟಿದ್ದೀನಿ. ಯಾರೇ ಆಗ್ಲಿ ಸಾರ್, ಬಿಡಬೇಡಿ, ಒಳಗೆ ಹಾಕಿ."

ಇನ್ಸ್‌ಪೆಕ್ಟರ್‌ಗೆ ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ನೌಕರಿಯ ಮೊದಲ ಒಂಬತ್ತು ವರ್ಷ ಅವರು ಇಲಾಖೆಯ ವೈರ್‌ಲೆಸ್ ವಿಭಾಗದಲ್ಲಿದ್ದವರು. ಬೆಳಿಗ್ಗೆ ಏಳಕ್ಕೆ ಸರಿಯಾಗಿ ಹದಿನಾರು ಠಾಣೆಗಳನ್ನು ಒಂದೊಂದಾಗಿ ಕರೆದು "ಕೇಳಿಸ್ತಿದೆಯಾ?" ಎಂದು ಕೇಳುವುದು ಅವರ ಕೆಲಸವಾಗಿತ್ತು. ಮುಖ ನೋಡದ ಹದಿನಾರು ಜನರ ಕೆಮ್ಮು, ನಗು, ನೆಗಡಿ ಎಲ್ಲ ಅವರಿಗೆ ಪರಿಚಯವಿತ್ತು. ಈಗ ಎಲ್ಲರ ಜೇಬಿನಲ್ಲೂ ಫೋನಿದೆ, ಯಾರ ಕೆಮ್ಮೂ ಯಾರಿಗೂ ಗೊತ್ತಿಲ್ಲ. ವೈರ್‌ಲೆಸ್ ಎಂಬ ಮಾತು ಕಿವಿಗೆ ಬಿದ್ದದ್ದೇ ಅವರು ಜೀಪು ತರಿಸಿದರು. ಇಷ್ಟು ಸಣ್ಣ ಕಳವಿಗೆ ಸಾಹೇಬರು ಖುದ್ದಾಗಿ ಹೊರಟದ್ದು ಹೆಡ್ ಕಾನ್‌ಸ್ಟೆಬಲ್‌ಗೆ ಸೋಜಿಗವಾಯಿತು.

2.30ಕ್ಕೆ ಸ್ಥಳ ಪಂಚನಾಮೆ. ಪಂಚರು ಕೆಳಗಿನ ಅಂಗಡಿಯ ದರ್ಜಿ ಮತ್ತು ಪಕ್ಕದ ಕನ್ನಡಕದಂಗಡಿಯವನು. ನಾಲ್ಕನೇ ಅಂತಸ್ತಿಗೆ ಬರುವಷ್ಟರಲ್ಲಿ ಹೆಡ್ ಕಾನ್‌ಸ್ಟೆಬಲ್‌ಗೆ ಏದುಸಿರು. "ಸಾರ್, ಕಳ್ಳ ಯಾರೇ ಆಗ್ಲಿ, ಮಂಡಿ ಗಟ್ಟಿ ಇರೋನು ಅಂತ ಬರ್ಕೊಳ್ಳಿ," ಎಂದು ಗೋಡೆಗೆ ಒರಗಿದ.

ಕಂಬದಲ್ಲಿ ಆರು ಹೊಸ ರೇಡಿಯೋಗಳಿದ್ದವು. ಒಂದೊಂದೂ ದುಬಾರಿ, ಒಂದನ್ನೂ ಕಳಚಿರಲಿಲ್ಲ. ಬ್ಯಾಟರಿಗಳೂ ಹಾಗೇ ಇದ್ದವು. ಹಳೆಯ ರೇಡಿಯೋ ಇದ್ದ ಜಾಗದಲ್ಲಿ ಖಾಲಿ ಹಿಡಿಕೆ. ಅದರ ನಾಲ್ಕು ನಟ್ಟುಗಳನ್ನು ಕಳ್ಳ ಅವುಗಳ ಬೋಲ್ಟಿಗೇ ತಿರುಗಿಸಿ ಬಿಗಿ ಮಾಡಿ ಹೋಗಿದ್ದ. ಕಳಚಿದ ಕೇಬಲ್ಲಿನ ತುದಿಗೆ ಮಳೆನೀರು ಇಳಿಯದಂತೆ ಕಪ್ಪು ಟೇಪು ಸುತ್ತಿ, ಬಾಯಿ ಕೆಳಗಾಗುವಂತೆ ಬಗ್ಗಿಸಿ ಕಟ್ಟಿದ್ದ.

"ಅಲ್ಲ ಸಾರ್," ಹೆಡ್ ಕಾನ್‌ಸ್ಟೆಬಲ್ ಬಗ್ಗಿ ನೋಡಿದ, "ಕದಿಯೋಕೆ ಬಂದೋನು ನಟ್ಟು ವಾಪಸ್ ಹಾಕಿ ಹೋಗಿದ್ದಾನಲ್ಲ! ಇದೆಂಥಾ ಮಾನ ಮರ್ಯಾದೆ?"

"ಹಾಗೇ ಬರಿ," ಎಂದರು ಇನ್ಸ್‌ಪೆಕ್ಟರ್. "ಮಾನ ಮರ್ಯಾದೆ ಬೇಡ. ನಟ್ಟು ಬರಿ."

ಟೆಕ್ನಿಷಿಯನ್ ಜಾಲರಿಯ ಪಕ್ಕದಲ್ಲಿ ಲ್ಯಾಪ್‌ಟಾಪ್ ತಬ್ಬಿಕೊಂಡು ನಿಂತಿದ್ದಳು. ವಯಸ್ಸು ಮೂವತ್ತೊಂದು, ಸ್ಕೂಲಿಗೆ ಹೋಗುವ ಮಗಳಿದ್ದಾಳೆ.

"11.18ಕ್ಕೆ ಎಲ್ಲಿದ್ರಿ?"

"ದಾರೀಲಿ ಸಾರ್. ಸ್ಕೂಟರ್ ಮೇಲೆ."

"ಜೊತೆಗೆ ಯಾರಿದ್ರು?"

"ಯಾರೂ ಇಲ್ಲ."

"ಕೀಲಿ?"

ಅವಳು ಕೊರಳಿನ ದಾರದಿಂದ ಕೀಲಿ ತೆಗೆದು ತೋರಿಸಿದಳು. "ಸಾರ್, ನಾನು ದಿನಾ ಬೇರೆಯವರ ಮನೆ ಛಾವಣಿ ಹತ್ತೋಳು. ಕಳ್ಳಿ ಅಂತ ಒಂದು ಸಲ ಹೆಸರು ಬಿದ್ರೆ ಆಮೇಲೆ ಯಾರು ಬಾಗಿಲು ತೆಗೀತಾರೆ? ಈ ಕಂಪನಿ ಅಲ್ಲ, ಯಾವ ಕಂಪನೀಲೂ ನನಗೆ ಕೆಲಸ ಇಲ್ಲ."

ಇನ್ಸ್‌ಪೆಕ್ಟರ್ ಕಂಬದ ದಾಖಲೆ ತೋರಿಸಲು ಹೇಳಿದರು. ಪ್ರತಿ ರೇಡಿಯೋದ ಸಿಗ್ನಲ್ ನಿಮಿಷ ನಿಮಿಷಕ್ಕೂ ಲ್ಯಾಪ್‌ಟಾಪಿನಲ್ಲಿ ಗೆರೆಯಾಗಿ ದಾಖಲಾಗುತ್ತದೆ. ಪಶ್ಚಿಮದ ಗುಡ್ಡಕ್ಕೆ ಸಿಗ್ನಲ್ ಹಾಯಿಸುವ ಲಿಂಕಿನ ಗೆರೆಯ ಮೇಲೆ ಅವರ ಬೆರಳು ನಿಂತಿತು.

"ಇದು ನಿನ್ನೆವರೆಗೂ ಮೈನಸ್ ಎಪ್ಪತ್ನಾಲ್ಕು. ಈಗ ಅರವತ್ತೊಂದು. ಸೊನ್ನೆಗೆ ಹತ್ರ ಬಂದಷ್ಟೂ ಒಳ್ಳೇದು, ಅಲ್ವಾ?"

"ಹೌದು ಸಾರ್."

"ಅಂದ್ರೆ ಕಳ್ಳ ಬಂದು ಹೋದ ಮೇಲೆ ಸಿಗ್ನಲ್ ಸುಧಾರಿಸಿದೆ."

ಆ ಲಿಂಕು ಆರು ತಿಂಗಳಿಂದ ಸತಾಯಿಸುತ್ತಿತ್ತು. ಸಂಜೆಯಾದರೆ ಗುಡ್ಡದ ಕಡೆಯ ಮನೆಗಳಿಂದ ಫೋನು ತಪ್ಪುತ್ತಿರಲಿಲ್ಲ. ಕೇಬಲ್ ಬದಲಾಯಿಸಿದ್ದರು, ರೇಡಿಯೋ ಬದಲಾಯಿಸಿದ್ದರು, ಚಾನೆಲ್ ಬದಲಾಯಿಸಿದ್ದರು. ಏನೂ ಪ್ರಯೋಜನವಾಗಿರಲಿಲ್ಲ. ಇವತ್ತು 11.30ಕ್ಕೆ ಗೆರೆ ಪಾತಾಳಕ್ಕಿಳಿದಿತ್ತು, ಮೇಲೆದ್ದಿತ್ತು, ಇನ್ನೊಂದು ಸಲ ಇಳಿದಿತ್ತು, ಮತ್ತೆ ಎದ್ದು 11.36ಕ್ಕೆ ಅರವತ್ತೊಂದರಲ್ಲಿ ನಿಂತುಬಿಟ್ಟಿತ್ತು.

"ಇದೇನು ಮಾಡಿದ್ದಾರೆ ಇಲ್ಲಿ? ಹೇಳಿ."

"ಗುಡ್ಡದ ಕಡೆ ಮುಖ ಮಾಡಿರೋ ಡಿಶ್ ತಿರುಗಿಸಿದ್ದಾರೆ," ಅವಳು ನಿಧಾನವಾಗಿ ಹೇಳಿದಳು. "ಸಿಗ್ನಲ್ ಸಿಕ್ತು ಅಂತ ಸಿಕ್ಕ ಕಡೆ ನಿಲ್ಲಿಸಬಾರದು ಸಾರ್. ಅದು ಪಕ್ಕದ ಸುಳ್ಳು ಸಿಗ್ನಲ್ ಇರಬಹುದು. ಎಡಕ್ಕೆ ಪೂರ್ತಿ ಸಾಯೋವರೆಗೂ ತಿರುಗಿಸಬೇಕು, ಬಲಕ್ಕೂ ಸಾಯೋವರೆಗೂ ತಿರುಗಿಸಬೇಕು, ಆಮೇಲೆ ನಡುವಿಗೆ ಬರಬೇಕು. ನಾನು... ಇದನ್ನ ಕೂರಿಸಿದ ದಿನ ಗಾಳಿ ಜೋರಿತ್ತು. ಸಿಕ್ಕ ಕಡೆ ಬಿಗಿದುಬಿಟ್ಟೆ."

"ಇದನ್ನ ನಿಮಗೆ ಕಲಿಸಿದ್ದು ಯಾರು?"

"ನೆನಪಿಲ್ಲ ಸಾರ್."

"ಗಾಳಿ ಜೋರಿದ್ದಿದ್ದು ನೆನಪಿದೆ, ಗುರು ನೆನಪಿಲ್ವಾ?"

ಅವಳು ಲ್ಯಾಪ್‌ಟಾಪ್ ಮುಚ್ಚಿದಳು. ಐದು ಗಂಟೆಗೆ ಠಾಣೆಗೆ ಬರುವಂತೆ ಅವಳಿಗೆ ತಿಳಿಸಲಾಯಿತು. ಹೆಡ್ ಕಾನ್‌ಸ್ಟೆಬಲ್ ಮೆಟ್ಟಿಲಿಳಿಯುತ್ತಾ, "ಅವಳಿಗೆ ಗೊತ್ತು ಸಾರ್," ಎಂದ. "ಗೊತ್ತಿದ್ದೂ ತಾನೇ ತಲೆ ಕೊಡ್ತಿದ್ದಾಳಲ್ಲ, ಪಾಪ," ಎಂದರು ಇನ್ಸ್‌ಪೆಕ್ಟರ್.

3.40ಕ್ಕೆ ಮಾಲೀಕನ ಆಫೀಸು. ಗೋಡೆಯಲ್ಲಿ ಬಿಸಿಲಿಗೆ ಮಾಸಿದ ಒಂದು ಫೋಟೋ. ಅದೇ ಛಾವಣಿ, ಒಂದೇ ಒಂದು ರೇಡಿಯೋ, ಇಬ್ಬರು ಗಂಡಸರು. ಪಕ್ಕದಲ್ಲಿ ಇಬ್ಬರು ಹೆಂಗಸರು, ಕೈಯಲ್ಲಿ ಊಟದ ಸ್ಟೀಲ್ ತಟ್ಟೆ.

"ಕಳುವಾದ ರೇಡಿಯೋ ಇದೇನಾ?"

"ಅದೇ. ಹನ್ನೊಂದು ವರ್ಷ ಆಯ್ತು. ನಮ್ಮ ಮೊದಲನೇದು."

"ಏರಿಸಿದ್ದು ಯಾರು?"

ಮಾಲೀಕ ಪೆನ್ನಿನ ಮುಚ್ಚಳ ತೆಗೆದು ಹಾಕಿದ. "ನನ್ನ ಷಡ್ಡಕ. ನನ್ನ ಹೆಂಡತಿಯ ಅಕ್ಕನ ಗಂಡ. ಊರೆಲ್ಲ ಏಣಿಯಣ್ಣ ಅಂತಾರೆ. ನಮ್ಮ ಟೆಕ್ನಿಷಿಯನ್‌ಗೆ ಕೆಲಸ ಕಲಿಸಿದ್ದೂ ಅವರೇ."

"ತಟ್ಟೆ ಯಾಕೆ?"

ಅವನು ನಗಬಾರದೆಂದೇ ಇದ್ದ, ಆದರೆ ನಗು ಬಂದುಬಿಟ್ಟಿತು. "ಆಗ ಗುಡ್ಡದ ಮೇಲೆ ಫೋನ್ ಸಿಗ್ತಿರಲಿಲ್ಲ ಸಾರ್. ಡಿಶ್ ಎಷ್ಟು ತಿರುಗಿಸಬೇಕು ಅಂತ ಹೇಳೋದು ಹೇಗೆ? ನನ್ನ ಹೆಂಡತಿ ಗುಡ್ಡದ ಮೇಲಿಂದ ತಟ್ಟೆಯಲ್ಲಿ ಬಿಸಿಲು ಹೊಡೆಯೋಳು. ಒಂದು ಸಲ ಮಿಂಚಿಸಿದ್ರೆ ಎಡಕ್ಕೆ, ಎರಡು ಸಲ ಅಂದ್ರೆ ಬಲಕ್ಕೆ. ಇಲ್ಲಿಂದ ಅವಳ ಅಕ್ಕ ತಿರುಗಿ ಮಿಂಚಿಸೋರು. ಮೂರು ದಿನ ಹಿಡೀತು. ಮೂರನೇ ದಿನ ಒಂದು ಪುಟ ತೆರೀತು ನೋಡಿ, ರೈಲಿನ ವೇಳಾಪಟ್ಟಿ. ಒಂದೊಂದೇ ಸಾಲು ಮೇಲಿಂದ ಕೆಳಗೆ ಇಳೀತಾ ಬಂತು. ಅಯ್ಯೋ, ಎಲ್ಲಿಗೂ ಹೋಗೋದಿರಲಿಲ್ಲ ನಮಗೆ! ಆದ್ರೂ ಪೂರ್ತಿ ಓದಿದ್ವಿ. ಅಣ್ಣ ಅಂತೂ ಎರಡು ಸಲ ಓದಿದ್ರು."

"ಈಗ ಅವರೆಲ್ಲಿ?"

ನಗು ಆರಿತು. "ಮೂರು ವರ್ಷದಿಂದ ಮಾತಿಲ್ಲ. ಏಣಿಯಿಂದ ಬಿದ್ದು ಭುಜ ಮುರ್ಕೊಂಡ್ರು. ವಾಸಿಯಾದ ಮೇಲೆ ಮತ್ತೆ ಹತ್ತೋಕೆ ಬಂದ್ರು. ನಾನು ಎಲ್ಲರೆದುರಿಗೆ ಕೀಲಿ ಕಿತ್ಕೊಂಡು, ನಿಮಗೆ ವಯಸ್ಸಾಯ್ತು, ಇನ್ನು ಮನೇಲಿರಿ ಅಂದೆ. ಅವತ್ತು ಹೋದ ಮನುಷ್ಯ ಈ ಕಡೆ ತಲೆ ಹಾಕಿಲ್ಲ."

4.15ಕ್ಕೆ ಇನ್ಸ್‌ಪೆಕ್ಟರ್ ಏಣಿಯಣ್ಣನ ಮನೆಯ ಬಾಗಿಲು ತಟ್ಟಿದರು. ಮುಂದಿನ ಕೋಣೆಯೇ ರಿಪೇರಿ ಅಂಗಡಿ. ಬಿಚ್ಚಿಟ್ಟ ಫ್ಯಾನು, ಮಿಕ್ಸರ್, ಡಬ್ಬಿ ಡಬ್ಬಿ ತಿರುಪು. ಮೇಜಿನ ಮೇಲೆ, ಒರೆಸಿ ಬೆಳ್ಳಗೆ ಮಾಡಿದ ರೇಡಿಯೋ ಬಟ್ಟೆಯ ಮೇಲೆ ಕೂತಿತ್ತು. ಏಣಿಯಣ್ಣ ಅದಕ್ಕೆ ಕರೆಂಟು ಕೊಟ್ಟಿದ್ದ. ನಾಲ್ಕು ಪುಟ್ಟ ದೀಪಗಳಲ್ಲಿ ಒಂದು ಮಿಟುಕುತ್ತಿತ್ತು. ಬಚ್ಚಿಡುವ ಯೋಚನೆಯನ್ನೇ ಮನುಷ್ಯ ಮಾಡಿರಲಿಲ್ಲ.

"ಏನ್ ಮಾಡ್ತಿದೆ ಅದು?" ಇನ್ಸ್‌ಪೆಕ್ಟರ್ ಕೇಳಿದರು.

"ಹುಡುಕ್ತಿದೆ ಸಾರ್. ಗುಡ್ಡದ ಮೇಲೆ ಇದರ ಜೋಡಿ ಇತ್ತು. ಅದನ್ನ ಹೋದ ವರ್ಷವೇ ಗುಜರಿಗೆ ಹಾಕಿದ್ರಂತೆ. ಇದಕ್ಕೆ ಹೇಗೆ ಗೊತ್ತಾಗಬೇಕು?"

"ಕೀಲಿ ಎಲ್ಲಿಂದ ಬಂತು?"

"ಬೀಗದ ಜೊತೆ ಮೂರು ಕೀಲಿ ಬಂದಿದ್ವು. ಮೂರನೇದು ನನ್ನ ಹೆಂಡತಿಯ ಹೊಲಿಗೆ ಡಬ್ಬೀಲಿ ಇತ್ತು. ಅವನಿಗೆ ಮರ್ತುಹೋಗಿದೆ."

"ಕೇಳಿದ್ರೆ ಕೊಡ್ತಿರಲಿಲ್ವಾ?"

"ಕೇಳೋಕೆ ಮಾತು ಬೇಕಲ್ಲ ಸಾರ್." ಏಣಿಯಣ್ಣ ಕನ್ನಡಕ ತೆಗೆದು ಅಂಗಿಗೆ ಒರೆಸಿದ. "ಗುಜರಿಗೆ ಹಾಕ್ತಾರಂತೆ ಅಂತ ಅಕ್ಕ ತಂಗಿ ಫೋನಲ್ಲಿ ಮಾತಾಡ್ತಿದ್ರು. ಸುತ್ತಿಗೆ ಹಾಕಿ ಜಜ್ಜಿಬಿಡ್ತಾರೆ ಅಲ್ಲಿ. ನಾನು ಏರಿಸಿದ್ದು ಅದು. ಇಳಿಸೋದಾದ್ರೆ ನಾನೇ ಇಳಿಸಬೇಕು ಅನ್ನಿಸ್ತು. ಅಷ್ಟೇ."

"ಗುಡ್ಡದ ಕಡೆ ಡಿಶ್ ಯಾಕೆ ಮುಟ್ಟಿದ್ರಿ?"

"ಅಯ್ಯೋ, ಅದು ಓರೆ ಇತ್ತು ಸಾರ್! ಕಣ್ಣಿಗೆ ಬಿದ್ದ ಮೇಲೆ ಹಾಗೇ ಬಿಟ್ಟು ಬರೋಕೆ ಮನಸ್ಸಾಗಲಿಲ್ಲ."

"ಅದೇ ನಿಮ್ಮನ್ನ ಹಿಡಿದುಕೊಡ್ತು. ಮುಟ್ಟದೇ ಬಂದಿದ್ರೆ ಇಷ್ಟು ಹೊತ್ತಿಗೆ ನಿಮ್ಮ ಶಿಷ್ಯೆಯ ಮೇಲೆ ಕೇಸು ಗಟ್ಟಿಯಾಗ್ತಿತ್ತು."

ಏಣಿಯಣ್ಣ ಕನ್ನಡಕ ಮತ್ತೆ ಹಾಕಿಕೊಂಡ. "ಅವಳ ಮೇಲಾ? ಅವಳ ಮೇಲೆ ಯಾಕೆ?"

"ಬೀಗ ಒಡೆದಿರಲಿಲ್ಲ. ಕೀಲಿ ಇದ್ದಿದ್ದು ಅವಳ ಹತ್ರ. ಕೆಲಸದಿಂದ ತೆಗೆದಾಗಿದೆ. ನೀವೇ ಅಂತ ಅವಳಿಗೆ ಗೊತ್ತಾಗಿದೆ, ಬಾಯಿ ಬಿಟ್ಟಿಲ್ಲ."

ಅವನು ಎದ್ದೇಬಿಟ್ಟ. ಚಪ್ಪಲಿ ಅದಲುಬದಲು ಹಾಕಿಕೊಂಡ. "ನಡೀರಿ ಸಾರ್, ನಡೀರಿ. ಮೊದಲು ಅವಳ ಹೆಸರು ಹೊಡೆದುಹಾಕಿ. ಏನ್ ಬರೀಬೇಕೋ ನನ್ನ ಹೆಸರಲ್ಲಿ ಬರೀರಿ."

ಜಪ್ತಿ ಪಂಚನಾಮೆಗಾಗಿ ಹೆಡ್ ಕಾನ್‌ಸ್ಟೆಬಲ್ ರೇಡಿಯೋದ ವೈರು ಕೀಳಲು ಕೈ ಹಾಕಿದ. ಏಣಿಯಣ್ಣ ಅವನ ಕೈ ತಡೆದು, ತಾನೇ ಸ್ವಿಚ್ಚು ಆರಿಸಿದ.

5.05ಕ್ಕೆ ಠಾಣೆ. ಬೆಂಚಿನ ಮೇಲೆ ಕುಳಿತಿದ್ದ ಟೆಕ್ನಿಷಿಯನ್ ಅವನನ್ನು ಕಂಡು ಎದ್ದು ನಿಂತಳು. ಸಮಾಧಾನ ಹೇಳುತ್ತಾನೆಂದು ಎಲ್ಲರೂ ಅಂದುಕೊಂಡರೆ, ಅವನು ಸೀದಾ ಬೈಗುಳಕ್ಕೇ ಇಳಿದ. "ಆರು ತಿಂಗಳು ಓರೆ ಡಿಶ್ ಇಟ್ಕೊಂಡು ಕೂತಿದ್ದೀಯಲ್ಲ, ಇದನ್ನೇನಾ ನಾನು ಕಲಿಸಿದ್ದು?" ಅವಳು ಅಳುತ್ತಲೇ ನಕ್ಕಳು. "ತಪ್ಪಾಯ್ತು ಮಾವ," ಎಂದಳು. ಇನ್ಸ್‌ಪೆಕ್ಟರ್ ಅವಳ ಹೇಳಿಕೆಗೆ ಸಹಿ ಪಡೆದು, ಅನುಮಾನಿತರ ಪಟ್ಟಿಯಿಂದ ಅವಳ ಹೆಸರು ಕೈಬಿಟ್ಟಿರುವುದಾಗಿ ಕೇಸ್ ಡೈರಿಯಲ್ಲಿ ದಾಖಲಿಸಿದರು.

5.20ಕ್ಕೆ ದಸ್ತಗಿರಿ. ಫಾರಂ ತುಂಬಿಸುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ತಲೆ ಎತ್ತದೆ ಕೇಳಿದ, "ದಸ್ತಗಿರಿ ವಿಷಯ ಯಾರಿಗೆ ತಿಳಿಸಬೇಕು? ಹೆಂಡತಿಗಾ?"

"ಬೇಡ ಬೇಡ. ಅವಳಿಗೆ ಪೊಲೀಸರ ದನಿ ಕೇಳಿದ್ರೇ ಕೈಕಾಲು ನಡುಗುತ್ತೆ. ಮೆಲ್ಲಗೆ ಹೇಳೋರು ಹೇಳಬೇಕು." ಏಣಿಯಣ್ಣ ನೋಡದೆಯೇ ಹತ್ತು ಅಂಕಿ ಹೇಳಿದ. "ನನ್ನ ಷಡ್ಡಕನಿಗೆ ಹೇಳಿ. ಅವನು ನೋಡ್ಕೊಳ್ತಾನೆ."

ಹೆಡ್ ಕಾನ್‌ಸ್ಟೆಬಲ್‌ನ ಪೆನ್ನು ನಿಂತಿತು. "ಯಜಮಾನ್ರೇ, ದೂರು ಕೊಟ್ಟಿರೋದೇ ಅವರು."

"ಗೊತ್ತಪ್ಪ. ಅದು ಬೇರೆ."

ಇನ್ಸ್‌ಪೆಕ್ಟರ್ ತಾವೇ ಫೋನು ಹಚ್ಚಿದರು. ಆ ಕಡೆಯಿಂದ ಮಾಲೀಕನ ಗಂಟಲು ಕೋಣೆಯೆಲ್ಲ ಕೇಳಿಸಿತು. "ಸಿಕ್ಕಿದ್ನಾ ಸಾರ್ ಕಳ್ಳ?"

"ಸಿಕ್ಕಿದ್ದಾರೆ. ವಿಷಯ ಮೊದಲು ನಿಮಗೇ ತಿಳಿಸಬೇಕು ಅಂದ್ರು. ನಿಮ್ಮ ಷಡ್ಡಕ."

ಲೈನು ಕಟ್ಟಾಯಿತೇನೋ ಎಂದು ಇನ್ಸ್‌ಪೆಕ್ಟರ್ ಫೋನನ್ನು ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ ಬಂತು: "ಅಣ್ಣ ಹತ್ತುವಾಗ ಸೇಫ್ಟಿ ಬೆಲ್ಟ್ ಹಾಕ್ಕೊಂಡಿದ್ರಾ, ಕೇಳಿ ಸಾರ್."

ಏಣಿಯಣ್ಣ ಕೈ ಅಡ್ಡಡ್ಡ ಆಡಿಸಿದ. "ಹಾಕ್ಕೊಂಡಿದ್ದೆ ಅನ್ನಿ," ಎಂದು ಪಿಸುಗುಟ್ಟಿದ.

ಮೂವತ್ತೆಂಟು ವರ್ಷದ ನೌಕರಿಯಲ್ಲಿ ಬೇರೆಯವರ ಸುಳ್ಳು ಹೇಳಿಕೆಗಳನ್ನು ಬರೆದುಕೊಂಡೇ ಬಂದಿದ್ದ ಇನ್ಸ್‌ಪೆಕ್ಟರ್, ಮೊದಲ ಸಲ ತಾವೇ ಒಂದನ್ನು ದಾಟಿಸಿದರು. "ಹಾಕ್ಕೊಂಡಿದ್ರಂತೆ."

"ಸುಳ್ಳು! ಶುದ್ಧ ಸುಳ್ಳು ಸಾರ್! ಜನ್ಮದಲ್ಲಿ ಬೆಲ್ಟ್ ಹಾಕಿದ ಮನುಷ್ಯ ಅಲ್ಲ ಅದು. ಬಿದ್ದಿದ್ರೆ? ಮತ್ತೆ ಬಿದ್ದಿದ್ರೆ ಅತ್ತಿಗೆಗೆ ಏನಂತ ಹೇಳ್ತಿದ್ದೆ ನಾನು?" ಆ ಕಡೆ ಕೀಲಿಗೊಂಚಲಿನ ಸದ್ದಾಯಿತು. "ಅಲ್ಲೇ ಕೂರಿಸಿರಿ ಸಾರ್. ಎಲ್ಲೂ ಕಳಿಸಬೇಡಿ. ಬಂದೆ."

ಏಣಿಯಣ್ಣ ಬೆಂಚಿನ ತುದಿಗೆ ಸರಿದು ಇನ್ನೊಬ್ಬರಿಗೆ ಜಾಗ ಮಾಡಿಕೊಂಡು ಕುಳಿತ. ಇನ್ಸ್‌ಪೆಕ್ಟರ್ ಕೇಸ್ ಡೈರಿ ಎಳೆದುಕೊಂಡು ಆ ದಿನದ ಕೊನೆಯ ಸಾಲು ಬರೆದರು: "ಲಾಭದ ಉದ್ದೇಶ ಕಂಡುಬಂದಿಲ್ಲ. ತಾನು ಏರಿಸಿದ್ದನ್ನು ತಾನೇ ಇಳಿಸಬೇಕೆಂಬ ಆಸೆ. ಮಾತು ಬಿಟ್ಟಿದ್ದರಿಂದ ಕೇಳಲಾಗದೆ, ಕದ್ದಿದ್ದಾರೆ."