ನಾವು ಹಾಡದೆ ಬಿಟ್ಟ ಸಾಲು

ಯುಗೊಸ್ಲಾವಿಯ ಇನ್ನೂ ಒಂದೇ ದೇಶವಾಗಿದ್ದಾಗ, ಸರಾಯೆವೊದಲ್ಲಿ ನನಗೇ ಆದದ್ದಿದು. ಕರೆಂಟಿನ ಹಂಗಿಲ್ಲದ ಮೂರು ಗಿಟಾರುಗಳ ನಮ್ಮ ರಾಕ್ ತಂಡ ಬಾಳಿದ್ದು ಹನ್ನೊಂದೇ ತಿಂಗಳು. ತಂಡದ ಹಾಡುಗಾರ, ಗೆಳೆಯ ತ್ವರ್ತ್ಕೊ ಕಡ್ಡಾಯ ಸೈನ್ಯಸೇವೆಗೆ ಹೋದಾಗ, ರೆಕಾರ್ಡು ಮಾಡಲು ನಾವು ಅವನಿಗಾಗಿ ಕಾಯಲಿಲ್ಲ. ಅವನ ದನಿಯನ್ನು ನಾನೇ ಅಣಕಿಸಿ ಹಾಡಿದೆ. ರೆಕಾರ್ಡಿನ ಮೇಲೆ ಅವನ ಹೆಸರು ಹಾಕಿದೆವು. ಕೊನೆಯ ಸಾಲಿನ ಎತ್ತರಕ್ಕೆ ಮಾತ್ರ ನನ್ನ ಗಂಟಲು ಏರಲಿಲ್ಲ. ಅಲ್ಲಿ ಬರೀ ಗಿಟಾರು ನುಡಿಸಿದೆವು. ಅವನಿಗೆ ಇದನ್ನು ತಿಳಿಸುವ ಮೊದಲೇ, ಗಡಿಯಲ್ಲಿ ಕಾವಲಿಗಿದ್ದವನು ಹಿಮಪಾತದಲ್ಲಿ ಸತ್ತ.

ತಪ್ಪೊಪ್ಪಿಕೊಳ್ಳಲೆಂದು ಜುಲೈನ ಒಂದು ಸುಡುಬೇಸಿಗೆಯ ಮಧ್ಯಾಹ್ನ ಅವನ ತಾಯಿ ಯಾಗೊದಾ ಅವರ ಮನೆಗೆ ಹೋದೆ.

"ಬಾರೋ ಅಣಕುಗಾರ, ಕಾಫಿ ಆರಿಹೋಗತ್ತೆ," ಎನ್ನುತ್ತ ಅವರು ನಮ್ಮ ರೆಕಾರ್ಡು ಹಾಕಿದರು.

ಒಲೆಯಿಂದ ಆಗಷ್ಟೇ ಇಳಿದಿದ್ದ ಕಾಫಿ ನನ್ನ ಬಟ್ಟಲಲ್ಲಿ ಮಂಜಿನಂತೆ ತಣ್ಣಗಿತ್ತು. ಒದ್ದೆ ಉಣ್ಣೆ ಕೋಟಿನ ವಾಸನೆ ಬಂತು. ಹಾಡಿನ ಕೊನೆಯಲ್ಲಿ, ಗಿಟಾರು ಮಾತ್ರ ಇರಬೇಕಾದ ಕಡೆ, ರೆಕಾರ್ಡಿನೊಳಗೆ ಯಾರೋ ಉಸಿರೆಳೆದುಕೊಂಡು ಆ ಸಾಲನ್ನು ಪೂರ್ತಿ ಹಾಡಿದರು.

"ಅಮ್ಮಾ, ಅದರಲ್ಲಿ ಹಾಡಿರೋದು ಅವನಲ್ಲ, ನಾನು..." ಎಂದೆ.

"ಗೊತ್ತು ಕಣೋ. ಹೆತ್ತವಳ ಕಿವಿಗೇ ಟೋಪಿ ಹಾಕ್ತೀಯಾ? ಆದ್ರೆ ಕೊನೇ ಸಾಲು ಅವನದೇ. ಅದೊಂದನ್ನಾದ್ರೂ ಅವನಿಗೆ ಬಿಟ್ಟುಕೊಟ್ಟೆಯಲ್ಲ, ಪುಣ್ಯಾತ್ಮ."

ಆ ರೆಕಾರ್ಡನ್ನು ಅವರಿಗೆ ಕೊಟ್ಟವನು ನಾನೇ. ನನ್ನ ಪ್ರತಿಯಲ್ಲಿ ಆ ಜಾಗದಲ್ಲಿ ಇವತ್ತಿಗೂ ಬರೀ ಗಿಟಾರೇ ಇದೆ.