ಪರದೆಯ ಮೇಲಿನ ಮಲ್ಲಿಕಾರ್ಜುನ

ಸೊರಬ ಠಾಣೆಗೆ ಆ ದೂರು ಬಂದದ್ದು ಗುರುವಾರ ಬೆಳಿಗ್ಗೆ ಎಂಟೂವರೆಗೆ. ದೂರುದಾರ ಹೊಸಬಾಳೆಯ ಧರ್ಮಪ್ಪ. ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲವನ್ನು ಮೇಜಿನ ಮೇಲಿಟ್ಟು ಆ ಕೈಯನ್ನು ಅಂಗಿಗೆ ಒರೆಸಿಕೊಂಡ. ಮತ್ತೆ ಒರೆಸಿಕೊಂಡ. ಚೀಲದಲ್ಲಿ ಜೋಳದ ಹಿಟ್ಟಿತ್ತು.

ಹೆಡ್ ಕಾನ್‌ಸ್ಟೆಬಲ್ ಮಾಲತೇಶ್ ಹೇಳಿಕೆ ಬರೆದುಕೊಳ್ಳತೊಡಗಿದ. ಧರ್ಮಪ್ಪನ ತಂದೆ ಕಲ್ಲಪ್ಪನಿಗೆ ಸಕ್ಕರೆ ಕಾಯಿಲೆ. ರಾತ್ರಿ ಅನ್ನ ಬಿಟ್ಟು ರೊಟ್ಟಿ ತಿನ್ನಿ ಎಂದು ಡಾಕ್ಟರು ಹೇಳಿದ್ದರಿಂದ ಊರಿನ ಅಂಗಡಿಯಲ್ಲಿ ಬಿಡಿ ಹಿಟ್ಟು ತಂದಿದ್ದರು. ಮಂಗಳವಾರ ರಾತ್ರಿ ರೊಟ್ಟಿ ತಿಂದ ಮುದುಕನಿಗೆ ವಾಂತಿ ಶುರುವಾಯಿತು, ಬಾಯಲ್ಲಿ ಜೊಲ್ಲು ಸುರಿಯಿತು, ಉಸಿರು ಕಟ್ಟಿತು. ಈಗ ಶಿವಮೊಗ್ಗದ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದಾನೆ. ಹೊಟ್ಟೆಗೆ ಹೋಗಿರುವುದು ಕೀಟನಾಶಕ ಎಂದು ಅಲ್ಲಿನ ಡಾಕ್ಟರು ಹೇಳಿದ್ದಾರೆ.

ಮಾಲತೇಶನ ಪೆನ್ನು ನಿಂತಿತು. ಕುಪ್ಪಗಡ್ಡೆಯ ಅವನ ಮನೆಯಲ್ಲಿ ತಾಯಿ ವನಜಮ್ಮನಿಗೂ ಸಕ್ಕರೆ ಕಾಯಿಲೆ, ಅವರಿಗೂ ಬಿಡಿ ಹಿಟ್ಟಿನ ರೊಟ್ಟಿ. ಜಗುಲಿಗೆ ಹೋಗಿ ಹೆಂಡತಿ ಸ್ಪಂದನಳಿಗೆ ಫೋನ್ ಮಾಡಿದ.

"ಬೆಳಿಗ್ಗೆ ಎರಡು ರೊಟ್ಟಿ ತಿಂದ್ರಲ್ಲ," ಎಂದಳು ಅವಳು. "ಈಗ ಯಾಕೋ ಹೊಟ್ಟೆ ತೊಳೆಸ್ತದೆ ಅಂತ ಕೂತಿದಾರೆ. ಯಾಕ್ರೀ?"

ಇದ್ದ ಹಾಗೇ ಅವ್ವನನ್ನು ಸೊರಬದ ಆಸ್ಪತ್ರೆಗೆ ಕರೆತಾ ಎಂದಷ್ಟೇ ಹೇಳಿ ಒಳಗೆ ಬಂದು ಬರವಣಿಗೆ ಮುಂದುವರಿಸಿದ. ಅಕ್ಷರಗಳು ಸಾಲು ಬಿಟ್ಟು ಓಡುತ್ತಿದ್ದವು.

ಸಬ್ ಇನ್‌ಸ್ಪೆಕ್ಟರ್ ಮಹಾಂತೇಶ್ ಎಫ್‌ಐಆರ್ ದಾಖಲಿಸಿದರು. ಹೊಸಬಾಳೆಯ ಅಂಗಡಿಯ ಗುಡ್ಡಪ್ಪನನ್ನು ವಿಚಾರಿಸಿದಾಗ, ಹಿಟ್ಟು ಶಿಕಾರಿಪುರದ ಚನ್ನೇಶನ ಅಂಗಡಿಯಿಂದ ಬಂದಿದ್ದೆಂದು ತಿಳಿಯಿತು. ಕಾಳು, ಹಿಟ್ಟು, ಬಿತ್ತನೆ ಬೀಜ ಎಲ್ಲ ಒಂದೇ ಸೂರಿನಡಿ ಮಾರುವ ಹಳೆಯ ಅಂಗಡಿ. ಕಲ್ಲಪ್ಪ ಆಸ್ಪತ್ರೆ ಸೇರಿದ ಸುದ್ದಿಯನ್ನು ಬುಧವಾರ ಮಧ್ಯಾಹ್ನವೇ ಚನ್ನೇಶನಿಗೆ ತಿಳಿಸಿದ್ದೆ ಎಂದೂ ಗುಡ್ಡಪ್ಪ ಹೇಳಿದ. ಜೋಳದ ಹಿಟ್ಟು ತಿನ್ನಬೇಡಿ ಎಂದು ಆಟೋಗೆ ಮೈಕ್ ಕಟ್ಟಿ ಸಾರಲು ಕಳಿಸಿ, ಪಿಎಸ್‌ಐ ಮಹಾಂತೇಶ್ ಮಾಲತೇಶನೊಂದಿಗೆ ಜೀಪು ಹತ್ತಿದರು.

ದಾರಿಯಲ್ಲೇ ಸೊರಬದ ಡಾಕ್ಟರ ಫೋನ್ ಬಂತು. ಮೈಕ್ ಕೇಳಿದವರೆಲ್ಲ ಆಸ್ಪತ್ರೆಗೆ ನುಗ್ಗಿದ್ದಾರೆ. ನಿಂತಲ್ಲೇ ವಾಂತಿ ಮಾಡುತ್ತಿದ್ದಾರೆ. "ಯಾರಿಗೆ ವಿಷ, ಯಾರಿಗೆ ಬರೀ ಭಯ, ಗೊತ್ತಾಗ್ತಿಲ್ಲ," ಎಂದರು ಡಾಕ್ಟರು. "ಇರೋ ಇಂಜೆಕ್ಷನ್ ಕಡಿಮೆ. ಭಯದವರಿಗೆ ಕೊಟ್ಟು ಕೂರೋಕಾಗಲ್ಲ. ಆ ಹಿಟ್ಟು ಯಾವ್ಯಾವ ಊರಿಗೆ ಹೋಗಿದೆ, ಅಷ್ಟು ಹೇಳಿ."

ಚನ್ನೇಶನ ಅಂಗಡಿಯ ಹಿಂದಿನ ಅಂಗಳದಲ್ಲಿ ಸಿಮೆಂಟ್ ತೊಟ್ಟಿಯೊಂದಿತ್ತು. ಅದರ ತಳದಲ್ಲಿ ಗುಲಾಬಿ ಬಣ್ಣದ ಕಲೆ. ಪಕ್ಕದಲ್ಲಿ ಮಡಚಿಟ್ಟ ಖಾಲಿ ಚೀಲಗಳ ಮೇಲೆ, ಬೀಜಕ್ಕೆ ವಿಷ ಲೇಪಿಸಿದೆ, ತಿನ್ನಲು ಬಳಸಬಾರದು ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಪಂಚರ ಎದುರು ಪಂಚನಾಮೆ ಶುರುವಾಯಿತು.

"ಹಿಟ್ಟು ಯಾರ್‍ಯಾರಿಗೆ ಕೊಟ್ಟೆ?" ಪಿಎಸ್‌ಐ ಕೇಳಿದರು.

"ಲೆಕ್ಕ ಎಲ್ಲ ಕಂಪ್ಯೂಟರಿನಾಗಿತ್ತು ಸಾರ್. ಹಳೇ ವಿಂಡೋಸ್ ಇನ್ನು ನಡೆಯಂಗಿಲ್ಲ ಅಂದ್ರು, ಹೊಸದಕ್ಕೆ ಅಪ್‌ಗ್ರೇಡ್ ಮಾಡಿದೆ. ಬಿಲ್ಲಿಂಗ್ ಸಮೇತ ಎಲ್ಲ ಹೋತು."

"ಯಾವಾಗ ಮಾಡಿದ್ದು?"

"ತಿಂಗಳಾತು ಸಾರ್. ಆಮೇಲಿಂದ ಬಾಯಿಲೆಕ್ಕ. ಊರಿಗೆ ಒಂದು ಅಂಗಡಿ, ನೆನಪಿರಂಗಿಲ್ಲ."

ಮಾಲತೇಶನ ಜೇಬಿನಲ್ಲಿ ಫೋನ್ ನಡುಗಿತು. ಅವ್ವ ಒಂದು ಸಲ ವಾಂತಿ ಮಾಡಿಕೊಂಡರು, ಡಾಕ್ಟರು ಇನ್ನೂ ನೋಡಿಲ್ಲ ಎಂದು ಸ್ಪಂದನ ಸಂದೇಶ ಕಳಿಸಿದ್ದಳು. ಅವನಿಗೆ ಆ ಮನುಷ್ಯನ ಕುತ್ತಿಗೆ ಹಿಡಿಯಬೇಕೆನಿಸಿತು. ಹಿಡಿದಿದ್ದರೆ ಹೆಸರು ಉದುರುತ್ತಿತ್ತೋ, ಇನ್ನೊಂದು ಸುಳ್ಳು ಉದುರುತ್ತಿತ್ತೋ. ಮೇಜಿನ ಅಂಚನ್ನೇ ಬಿಗಿಯಾಗಿ ಹಿಡಿದ.

ತಿಂಗಳ ಹಿಂದಿನದಾದರೆ ಕಂಪ್ಯೂಟರಿನ ಹಿಂದೆ ಬಿದ್ದು ಪ್ರಯೋಜನವಿಲ್ಲ, ಊರೂರು ಸುತ್ತಿ ಕೇಳುವುದೇ ಸರಿ ಎಂದು ಪಿಎಸ್‌ಐ ಎದ್ದರು. ಆಗ ಮಾಲತೇಶನ ಕಣ್ಣಿಗೆ ಮಾನಿಟರಿನ ಮುಂದಿದ್ದ ಊದುಬತ್ತಿಯ ಸ್ಟ್ಯಾಂಡು ಬಿತ್ತು. ಅದರ ಸುತ್ತ ಬೂದಿ. ಪರದೆಯ ಚೌಕಟ್ಟಿಗೆ ಮೂರೆಳೆ ವಿಭೂತಿ. ಆದರೆ ಪರದೆಯಲ್ಲಿ ದೇವರಿಲ್ಲ. ನೀಲಿ ಬಟ್ಟೆಯ ಮಡಿಕೆಯಂಥ ಏನೋ ಒಂದು.

ಒಳಬಾಗಿಲಲ್ಲಿ ಚನ್ನೇಶನ ತಾಯಿ ರಾಜೇಶ್ವರಮ್ಮ ನಿಂತಿದ್ದರು.

"ಅಮ್ಮಾ, ಊದುಬತ್ತಿ ಯಾರು ಬೆಳಗೋದು?"

"ನಾನೇ ಯಪ್ಪಾ. ಗುಂಡಿ ಒತ್ತಿದ್ರ ನಮ್ಮ ತೊಗರ್ಸಿ ಮಲ್ಲಿಕಾರ್ಜುನ ಬರ್ತಿದ್ದ. ಅವಂಗೆ ಬೆಳಗಿದ ಮೇಲೇ ವ್ಯಾಪಾರ. ಈಗ ನೋಡು, ಸ್ವಾಮಿನ ತೆಗೆದು ಇದ್ಯಾವುದೋ ನೀಲಿ ಬಟ್ಟಿ ಇಟ್ಟಾನ."

"ಅವ್ವಾ, ಒಳಗ ಹೋಗು," ಎಂದ ಚನ್ನೇಶ.

"ಕೊನೇ ಸಲ ಸ್ವಾಮಿಗೆ ಯಾವಾಗ ಬೆಳಗಿದ್ರಿ?"

"ನಿನ್ನೆ ಬೆಳಿಗ್ಗೆ. ಇವತ್ತು ಬಂದು ನೋಡ್ತೀನಿ, ಇಲ್ಲ. ನಿಮ್ಮ ಪೈಕಿ ಯಾರಿಗಾದ್ರೂ ತಿಳಿದ್ರ ಅವನ್ನ ವಾಪಸ್ ತರಿಸಿಕೊಡ್ರಿ. ಮನಸ್ಸಿಗೆ ಸಮಾಧಾನಿಲ್ಲ."

ಚನ್ನೇಶ ಗೋಡೆಯ ಕಡೆ ನೋಡುತ್ತಿದ್ದ. ಪಿಎಸ್‌ಐ ಶಿವಮೊಗ್ಗದ ಸೈಬರ್ ಠಾಣೆಗೆ ಫೋನ್ ಮಾಡಿದರು.

ಸೈಬರ್ ಠಾಣೆಯ ಕರುಣಾ ಬಂದಾಗ ಮಧ್ಯಾಹ್ನವಾಗಿತ್ತು. ಅವಳು ಮೊದಲು ಡಿಸ್ಕಿನ ನಕಲು ತೆಗೆದುಕೊಂಡು ಮೂಲವನ್ನು ಸೀಲ್ ಮಾಡಿಸಿದಳು. ಹೊಸದನ್ನು ಹಾಕುವಾಗ ಡಿಸ್ಕನ್ನು ಪೂರ್ತಿ ಅಳಿಸದಿದ್ದರೆ, ಯಂತ್ರ ಹಳೆಯದನ್ನೆಲ್ಲ ಒಂದು ಮೂಲೆಗೆ ತಳ್ಳಿ ಕೆಲವು ದಿನ ಕಾಯ್ದಿಟ್ಟುಕೊಳ್ಳುತ್ತದೆ, ಆಮೇಲೆ ತಾನೇ ಅಳಿಸುತ್ತದೆ ಎಂದಳು. ತಿಂಗಳಾಗಿದ್ದರೆ ಆಸೆಯಿರಲಿಲ್ಲ. ಇದು ನಿನ್ನೆ ಸಂಜೆ ಹಾಕಿದ್ದೆಂದು ಯಂತ್ರವೇ ತೋರಿಸುತ್ತಿತ್ತು.

ನಕಲನ್ನು ಜೋಡಿಸಿ, ಹಿಂದಿನ ಸ್ಥಿತಿಗೆ ಮರಳುವಂತೆ ಆಜ್ಞೆ ಕೊಟ್ಟಳು. ಪರದೆ ಕಪ್ಪಾಯಿತು. ಬಿಳಿ ಚುಕ್ಕೆಗಳು ಸುತ್ತತೊಡಗಿದವು.

ಸುತ್ತಿದವು, ಸುತ್ತಿದವು. ಡಾಕ್ಟರ ಫೋನ್ ಬಂತು, ಪಿಎಸ್‌ಐ ಇನ್ನೂ ಇಲ್ಲ ಎಂದರು. ನಡುವೆ ಪರದೆ ಆರಿಯೇ ಹೋಯಿತು. ಮಾಲತೇಶ್ ಫೋನ್ ಕೈಗೆ ತೆಗೆದುಕೊಂಡ. ಅವ್ವನ ಬಾಯಲ್ಲಿ ಜೊಲ್ಲು ಬರುತ್ತಿದೆಯಾ ಎಂದು ಸ್ಪಂದನಳನ್ನು ಕೇಳಬೇಕು, ಕೇಳಲು ಧೈರ್ಯವಿಲ್ಲ. ಹೌದು ಎಂದುಬಿಟ್ಟರೆ?

ಪರದೆ ಬೆಳಗಿತು. ಬಿಲ್ವಪತ್ರೆ ಹೊದ್ದ ಲಿಂಗ, ಬೆಳ್ಳಿಯ ಮುಖವಾಡ. ಅದರ ಮೇಲೆ ಬಿಲ್ಲಿಂಗಿನ ಗುರುತು ಮೊದಲಿದ್ದ ಜಾಗದಲ್ಲೇ ಇತ್ತು.

"ಬಂದ," ಎಂದು ರಾಜೇಶ್ವರಮ್ಮ ಕೈ ಮುಗಿದರು.

ಆ ವಾರದ ಜೋಳದ ಹಿಟ್ಟು ಹೋಗಿದ್ದು ಮೂರೇ ಊರಿಗೆ. ಹೊಸಬಾಳೆ, ತೊಗರ್ಸಿ, ಶಿಕಾರಿಪುರದ ಪಕ್ಕದ ಒಂದು ಹಳ್ಳಿ. ಮಾಲತೇಶ್ ಮೇಲಿನಿಂದ ಕೆಳಗೆ ಓದಿದ, ಕೆಳಗಿನಿಂದ ಮೇಲೆ ಓದಿದ. ಕುಪ್ಪಗಡ್ಡೆ ಇರಲಿಲ್ಲ. ಅವ್ವನ ಹೊಟ್ಟೆ ತೊಳೆಸಿದ್ದು ಬರೀ ಪಿತ್ತಕ್ಕೆ, ವಾಂತಿಯಾಗಿದ್ದು ಆಸ್ಪತ್ರೆಯ ಗದ್ದಲ ನೋಡಿ. ಅವನು ಕೂತುಬಿಟ್ಟ. ಮರುಕ್ಷಣ ಎದ್ದ, ಏಕೆಂದರೆ ತೊಗರ್ಸಿಯಿಂದ ಆಸ್ಪತ್ರೆಗೆ ಒಬ್ಬರೂ ಬಂದಿರಲಿಲ್ಲ. ಮೈಕ್ ಆಟೋ ಆ ಕಡೆ ಹೋಗಿರಲೇ ಇಲ್ಲ. ಪಿಎಸ್‌ಐ ಡಾಕ್ಟರಿಗೆ ಊರುಗಳ ಹೆಸರು ಹೇಳಿ, ಮೂರನೆಯ ಹಳ್ಳಿಗೆ ಶಿಕಾರಿಪುರ ಠಾಣೆಯವರನ್ನು ಕಳಿಸಿದರು.

ತೊಗರ್ಸಿಯ ಅಂಗಡಿಯವನು ತೋರಿಸಿದ ಮನೆಯಲ್ಲಿ ಉಚ್ಚಂಗಮ್ಮ ಎಂಬ ಹೆಂಗಸು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಪಿತ್ತವಿರಬೇಕೆಂದು ಮನೆಯವರು ನಿಂಬೆಹಣ್ಣಿನ ಪಾನಕ ಕುಡಿಸುತ್ತಿದ್ದರು. ದಿಂಬು ಜೊಲ್ಲಿನಿಂದ ತೊಯ್ದಿತ್ತು. ಮಾಲತೇಶ್ ಅವಳನ್ನು ಎತ್ತಿ ಜೀಪಿಗೆ ಹಾಕಿದ. ಶಿಕಾರಿಪುರದ ಆಸ್ಪತ್ರೆಯಲ್ಲಿ ಇಂಜೆಕ್ಷನ್ ತೆಗೆದಿಟ್ಟುಕೊಂಡು ಕಾಯುತ್ತಿದ್ದರು. ಅವಳು ಉಳಿದಳು. ಶಿವಮೊಗ್ಗದಲ್ಲಿ ಕಲ್ಲಪ್ಪ ಅದೇ ಸಂಜೆ ತೀರಿಕೊಂಡ. ಎಫ್‌ಐಆರ್‌ಗೆ ಮನುಷ್ಯವಧೆಯ ಕಲಂ ಸೇರಿತು.

ಆರೂವರೆಗೆ ಚನ್ನೇಶನನ್ನು ದಸ್ತಗಿರಿ ಮಾಡಲಾಯಿತು. ಮಾರಾಟವಾಗದೆ ಉಳಿದ ಬೀಜವನ್ನು ತೊಳೆದು ಒಣಗಿಸಿ ಬೀಸಿದೆ ಎಂದು ಒಪ್ಪಿಕೊಂಡ. "ಬಣ್ಣ ಹೋದ್ರ ವಿಷಾನೂ ಹೋತು ಅನ್ಕಂಡೆ ಸಾರ್. ಗುಡ್ಡಪ್ಪ ಫೋನ್ ಮಾಡಿದಾಗ ಗೊತ್ತಾತು. ಬೋರ್ಡಿನ ಮ್ಯಾಲೆ ಅಪ್ಪನ ಹೆಸರೈತಿ. ಅದು ಅಳಿಸಿ ಹೋಗ್ತದ ಅಂತ ಹೆದರಿ ಇದನ್ನ ಅಳಿಸಿದೆ."

ತೊಳೆದದ್ದು ದಡ್ಡತನ. ಗುಡ್ಡಪ್ಪನ ಫೋನ್ ಇಟ್ಟ ಮೇಲೆ ಉಳಿದೆರಡು ಊರಿಗೆ ಎರಡು ಫೋನ್ ಮಾಡಿದ್ದರೆ ಸಾಕಿತ್ತು. ಅವನು ಅದರ ಬದಲು ಹೊಸ ವಿಂಡೋಸ್ ತುಂಬಿದ ಪೆನ್‌ಡ್ರೈವ್ ಹುಡುಕಿದ.

ಕಂಪ್ಯೂಟರನ್ನು ಜಪ್ತಿ ಮಾಡಿ ಬಿಳಿ ಬಟ್ಟೆಯಲ್ಲಿ ಸುತ್ತಿ ಅರಗು ಹಾಕುವಾಗ ರಾಜೇಶ್ವರಮ್ಮ ಹತ್ತಿರ ಬಂದರು. ಚನ್ನೇಶನನ್ನು ಆಗಲೇ ಜೀಪಿನಲ್ಲಿ ಕರೆದೊಯ್ದಿದ್ದರು.

"ಸ್ವಾಮಿ ಸಿಕ್ಕಿದ್ದು ನಾನು ಹೇಳಿದ್ದಕ್ಕೇ ಅಲ್ಲೇನಪ್ಪಾ?"

"ಹೌದಮ್ಮ," ಎಂದ ಮಾಲತೇಶ್.

"ಚನ್ನೇಶಂಗೆ ಹೇಳ್ತೀನಿ ತಡಿ, ಖುಷಿ ಪಡ್ತಾನ. ಎಲ್ಲಿಗೆ ಹೋದ ಅವ?"