ಕೇಳದೆ ಬದಲಾದ ಸಾಲು

"ಮಿಸ್, ನೀವು ಮೊದಲು ಸರ್ ಆಗಿದ್ರಂತೆ... ನಿಜಾನಾ?"

ಒಂಬತ್ತನೇ ತರಗತಿ ಉಸಿರು ಬಿಗಿಹಿಡಿಯಿತು. ಕೇಳಿದವಳು 'ರೇಡಿಯೊ'. ಆ ಹುಡುಗಿಯ ಬಾಯಿ ಮುಚ್ಚಿದ್ದನ್ನು ಶಾಲೆಯಲ್ಲಿ ಯಾರೂ ನೋಡಿರಲಿಲ್ಲ.

ಬಯಾಲಜಿ ಮಿಸ್ ಕೈಯಲ್ಲಿದ್ದ ಸೀಮೆಸುಣ್ಣ ಅರ್ಧ ಬರೆದ ಹೂವಿನ ಮೇಲೆ ನಿಂತಿತು.

"ಯಾರು ಹೇಳಿದ್ದು?"

"ಬೆಳಿಗ್ಗೆ ಸಾಲು ಬದಲಾಯ್ತಲ್ಲ ಮಿಸ್... ಆಗಿನಿಂದ ಎಲ್ಲರೂ ಅದೇ ಮಾತು."

"ನಾಳೆ ಹೇಳ್ತೀನಿ," ಎಂದಳು ಮಿಸ್.

ಹೆಡ್‌ಮಿಸ್ ಬಿಟ್ಟರೆ ಈ ವಿಷಯ ಗೊತ್ತಿದ್ದದ್ದು ಒಬ್ಬರಿಗೇ. ಸಂಗೀತದ ಮೇಷ್ಟ್ರಿಗೆ. ಹುಟ್ಟಿದಾಗ ತನ್ನನ್ನು ಗಂಡುಮಗು ಎಂದಿದ್ದರು ಎಂದು ನಿನ್ನೆ ಸಂಜೆ ಬಸ್ ನಿಲ್ದಾಣದಲ್ಲಿ ಅವರಿಗೆ ಹೇಳಿದ್ದಳು. ಅವರು ಬಾಯಿ ತೆರೆಯುವಷ್ಟರಲ್ಲಿ ಅವಳ ಬಸ್ ಬಂದಿತ್ತು.

ಇವತ್ತು ಬೆಳಿಗ್ಗೆ, ಶಿಕ್ಷಕರ ಹಾಡಿನ ಅಭ್ಯಾಸದಲ್ಲಿ, ಮಕ್ಕಳೆಲ್ಲ ನೋಡುತ್ತಿರುವಾಗ ಅದೇ ಮೇಷ್ಟ್ರು ಅವಳನ್ನು ಹೆಂಗಸರ ಸಾಲಿನಿಂದ ಕರೆದು ಗಂಡಸರ ಸಾಲಿನಲ್ಲಿ, ಡ್ರಿಲ್ ಮೇಷ್ಟ್ರ ಪಕ್ಕ ನಿಲ್ಲಿಸಿದ್ದರು!

ಸುದ್ದಿ ಕೇಳಿದ ಹೆಡ್‌ಮಿಸ್ ಅವಳನ್ನು ಕರೆಸಿ, ಬಾಗಿಲು ಮುಚ್ಚಿ ಮಾತಾಡಿದರು. "ಇಲ್ಲ ಅಂದ್ಬಿಡಮ್ಮ. ಹೌದು ಅಂದ್ರೆ ಆಡಳಿತ ಮಂಡಳಿ ನಿನ್ನ ಕೆಲಸ ಉಳಿಸುತ್ತೆ ಅಂತ ನಾನು ಮಾತು ಕೊಡಲಾರೆ."

ಅವಳು ನೇರ ಸಂಗೀತದ ಕೋಣೆಗೆ ಹೋದಳು.

"ನಂಬಿ ಹೇಳಿದ್ದಕ್ಕೆ ಇದಾ ಉತ್ತರ?"

ಮೇಷ್ಟ್ರ ಮುಖ ಬಿಳಿಚಿತು. "ನಾನು ಯಾರಿಗೂ ಹೇಳಿಲ್ಲ! ಮೇಲಿನ ಸ್ವರಕ್ಕೆ ನೀವು ಗಂಟಲು ಹಿಂಡ್ಕೋತಿದ್ರಿ. ನೋಯುತ್ತೆ ಅಂತ ಕೆಳಗಿನ ಸ್ವರದವರ ಕಡೆ ಕರೆದೆ. ನನಗೆ ಸ್ವರ ಬಿಟ್ಟು ಬೇರೇನೂ ಹೊಳೀಲಿಲ್ಲ..."

"ಹೊಳೀಬೇಕಿತ್ತು."

"ಹೌದು," ಎಂದರು.

ಅವಳು ತಿರುಗಿ ನೋಡದೆ ಹೊರಟಳು.

ಮರುದಿನ ಹೂವಿನ ಚಿತ್ರ ಹಾಗೇ ಅರ್ಧ ಇತ್ತು. ಹೆಡ್‌ಮಿಸ್ ಬಾಗಿಲಲ್ಲಿ ನಿಂತಿದ್ದರು.

'ಒಂದೇ ಒಂದು 'ಇಲ್ಲ'. ಆಮೇಲೆ ದಿನಾ ಇಲ್ಲ ಅನ್ನುತ್ತಲೇ ಇರಬೇಕು...' ಎಂದುಕೊಂಡು ಮಿಸ್ ಮಕ್ಕಳ ಕಡೆ ತಿರುಗಿದಳು.

"ಎಲ್ಲರೂ ನನ್ನನ್ನ ಹುಡುಗ ಅಂತಿದ್ರು, ಆಮೇಲೆ ಸರ್ ಅಂತಿದ್ರು. ನಾನು ಯಾವತ್ತೂ ಸರ್ ಆಗಿರ್ಲಿಲ್ಲ. ನನ್ನಂಥವರನ್ನ ಟ್ರಾನ್ಸ್ ಮಹಿಳೆ ಅಂತಾರೆ."

ರೇಡಿಯೊ ಎದ್ದಳು. "ನೀವು ಹೆಣ್ಣು ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ನಿನಗೆ ಹೇಗೆ ಗೊತ್ತಾಯ್ತು?"

ರೇಡಿಯೊ ಮೊದಲ ಸಲ ಸುಮ್ಮನಾದಳು. "...ಗೊತ್ತಿತ್ತು ಅಷ್ಟೇ, ಮಿಸ್."

"ನನಗೂ ಅಷ್ಟೇ."

"ಇದು ಪರೀಕ್ಷೆಗೆ ಬರುತ್ತಾ?" ಹಿಂದಿನಿಂದ ಯಾರೋ ಕೇಳಿದರು.

"ಇಲ್ಲ. ಹೂವು ಬರುತ್ತೆ. ಪುಸ್ತಕ ತೆಗೀರಿ."

ತರಗತಿ ನಕ್ಕಿತು. ಹೆಡ್‌ಮಿಸ್ ನಗಲಿಲ್ಲ. ಹೊರಗೆ ಬಂದಾಗ ಅವಳ ತೋಳು ಹಿಡಿದರು. "ಸೋಮವಾರ ಮಂಡಳಿ ಕರೆಯುತ್ತೆ. ನಾನು ಜೊತೆಗೆ ಬರ್ತೀನಿ."

ಸಂಜೆ ಬಸ್ ನಿಲ್ದಾಣದಲ್ಲಿ ಮೇಷ್ಟ್ರು ಕಾಯುತ್ತಿದ್ದರು. ಹತ್ತಿರ ಬರಲಿಲ್ಲ.

"ಮೊನ್ನೆ ಬಸ್ ಬಂದ್ಬಿಡ್ತು," ಎಂದರು. "ಮಾತು ಬಾಯಲ್ಲೇ ಉಳೀತು. ನೀವಂದ್ರೆ ನನಗೆ ಇಷ್ಟ. ನೀವು ಹೇಳೋ ಮೊದಲೂ ಇಷ್ಟ, ಹೇಳಿದ ಮೇಲೂ ಇಷ್ಟ."

ಅವಳು ರಸ್ತೆಯನ್ನೇ ನೋಡುತ್ತಿದ್ದಳು. ಕಣ್ಣು ತುಂಬಿತ್ತು.

"ಸೋಮವಾರ ಮಂಡಳಿ ಕರೆಯುತ್ತಂತೆ. ನಾನೂ ಬರಲಾ?"

"ಕೆಲಸ ಹೋಗಬಹುದು. ನಿಮ್ಮದೂ."

"ಗೊತ್ತು. ಎಲ್ಲಿ ನಿಲ್ಲಲಿ ಅಂತ ಮಾತ್ರ ಈ ಸಲ ಕೇಳ್ತಿದ್ದೀನಿ."

ಬಸ್ ಬಂತು. ಅವಳು ಹತ್ತಲಿಲ್ಲ.

"ಇಲ್ಲಿ," ಎಂದಳು, ಪಕ್ಕದ ಜಾಗ ತೋರಿಸಿ. "ನನ್ನ ಪಕ್ಕ."